ಅಪ್‌ಡೇಟ್ ಧುರಂಧರರಿಗೊಂದು ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಮ್ಯಾನೇಜರ್ ಸಾಹೇಬರೇ, ಉಪ್ಪಿಟ್ಟು-ಕೇಸರಿಭಾತಿನ ವಾಸನೆ ಹಿಡಿದು ಸಕಾಲಕ್ಕೆ ಆಗಮಿಸಿರುವ ಸಹೋದ್ಯೋಗಿ ಬಂಧುಗಳೇ,

ಜುಲೈ ತಿಂಗಳ ಕೊನೆಯ ಶುಕ್ರವಾರ ಸಿಸ್ಟಮ್ ಅಡ್ಮಿನ್‌ಗಳಿಗೆ ಕೃತಜ್ಞತೆ ಹೇಳುವ ದಿನ. 2000ನೇ ಇಸವಿಯಲ್ಲಿ ಶುರುವಾದ ಈ ಆಚರಣೆ ನಮ್ಮ ಕಚೇರಿಗೆ ಈಗ ಬಂದು ತಲುಪಿದೆ. ಅಪ್‌ಡೇಟ್‌ಗಳನ್ನು ನಾವು ಬರಮಾಡಿಕೊಳ್ಳುವ ವೇಗವೂ ಇದೇ ಆದ್ದರಿಂದ ಯಾರೂ ನಾಚಿಕೊಳ್ಳಬೇಕಿಲ್ಲ.

ಸನ್ಮಾನಿತರೇ, ತಮ್ಮ ಪಂಚಾಂಗದಲ್ಲಿ ಏಕಾದಶಿ, ಸಂಕಷ್ಟಿ ಇವೆಯೋ ಇಲ್ಲವೋ, ಎರಡನೇ ಮಂಗಳವಾರವಂತೂ ಇದೆ. 2003ರಿಂದ ಮೈಕ್ರೋಸಾಫ್ಟ್ ತನ್ನ ತೇಪೆಗಳನ್ನು ತಿಂಗಳಿಗೊಮ್ಮೆ ಹಂಚುವ ದಿನ ಅದು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಹತ್ತು ಗಂಟೆಯಾದರೆ ಇಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಊರೆಲ್ಲ ಹಾಸಿಗೆ ಬಿಡಿಸುವಾಗ ತಾವು ಲ್ಯಾಪ್‌ಟಾಪ್ ಬಿಡಿಸುತ್ತೀರಿ. ಮೊದಲು ಹತ್ತು ಯಂತ್ರಗಳಿಗೆ ಹಾಕಿ ನೋಡುತ್ತೀರಿ. ಆ ಹತ್ತರಲ್ಲಿ ಮ್ಯಾನೇಜರ್ ಸಾಹೇಬರ ಯಂತ್ರ ಎಂದೂ ಇರುವುದಿಲ್ಲ. ಇದು ಗುರುಭಕ್ತಿಯೋ ಪ್ರಾಣಭಯವೋ, ಸಭೆಯೇ ತೀರ್ಮಾನಿಸಲಿ.

ಇನ್ನು ತಮ್ಮ ಆಯುಧಗಳು. ಆಯುಧಪೂಜೆಯಲ್ಲಿ ನಾವು ಮಾನಿಟರಿಗೆ ಕುಂಕುಮ ಹಚ್ಚಿ ಕೈತೊಳೆದುಕೊಳ್ಳುತ್ತೇವೆ; ಅಸಲಿ ಆಯುಧಗಳು ಕಣ್ಣಿಗೇ ಬೀಳುವುದಿಲ್ಲ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ, ಹತ್ತು ವರ್ಷಕ್ಕೆ ಮೈಕ್ರೋಸಾಫ್ಟ್ ಕೊಂಡುಕೊಂಡ ಸಿಸ್‌ಇಂಟರ್ನಲ್ಸ್ ಅವುಗಳಲ್ಲಿ ಒಂದು. ಅದರ ಪಿಎಸ್‌ಎಕ್ಸೆಕ್ ಹಿಡಿದು, ಕೂತಲ್ಲಿಂದಲೇ ಮೂರನೇ ಮಹಡಿಯ ಯಂತ್ರಕ್ಕೆ ಆಜ್ಞೆ ಕೊಡುತ್ತೀರಿ. ಕಚೇರಿಯ ಯಂತ್ರಗಳಿಗೆ ಅಪ್‌ಡೇಟ್ ಹಂಚುವ ಡಬ್ಲ್ಯೂಎಸ್‌ಯುಎಸ್ ಸರ್ವರಿಗೆ ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು 2024ರಲ್ಲೇ ಘೋಷಣೆಯಾಗಿದೆ. ಬೀಳ್ಕೊಡುಗೆ ಮುಗಿದರೂ ಮರುದಿನ ಹಾಜರಿ ಹಾಕುವ ಗುಮಾಸ್ತರಂತೆ ಅದು ಇನ್ನೂ ದುಡಿಯುತ್ತಿದೆ. ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್‌ಗೆ ಒಂದು ಪುಟ್ಟ ಎಕ್ಸ್‌ಎಂಎಲ್ ಕಡತ ಬರೆದುಕೊಟ್ಟು, ವರ್ಡ್, ಎಕ್ಸೆಲ್‌ಗಳನ್ನು ಒಮ್ಮೆ ಮಾತ್ರ ಇಳಿಸಿಕೊಂಡು, ಎಲ್ಲರಿಗೂ ಒಳಗಿನಿಂದಲೇ ಬಡಿಸುತ್ತೀರಿ.

ಉಣ್ಣುವವರು ಬೇಕಲ್ಲ! ಎಕ್ಸೆಲ್ ತೆರೆದಿರುವಷ್ಟು ಹೊತ್ತು ಅಪ್‌ಡೇಟ್ ಹೊಸ್ತಿಲಲ್ಲೇ ನಿಲ್ಲುತ್ತದೆ. ನಮ್ಮ ಅಕೌಂಟ್ಸ್‌ನ ಹಿರಿಯರು ಯುಗಾದಿಯಿಂದ ಒಂದು ಹಾಳೆಯನ್ನು ಸೇವ್ ಮಾಡದೆ ತೆರೆದಿಟ್ಟಿದ್ದಾರೆ. ಅದರ ಹೆಸರು ಇಂದಿಗೂ 'ಬುಕ್1'. (ಆ ಯಂತ್ರದ ಯುಪಿಎಸ್ ಬ್ಯಾಟರಿಗೂ ಇಂದೊಂದು ಶಾಲು ಹೊದಿಸಬೇಕಿತ್ತು.)

ವಿಂಡೋಸ್ 10 ಹಾಕಿದ ವಾರವನ್ನು ಮರೆಯಲುಂಟೇ? ಕನ್ನಡದ ತುಂಗಾ ಫಾಂಟ್ ಅದರಲ್ಲಿ ಐಚ್ಛಿಕ. ಹೊಸದಾಗಿ ಹಾಕಿದ ಯಂತ್ರಗಳಲ್ಲಿ ಬೇರೆಯಾಗಿ ಸೇರಿಸಬೇಕು. ಸೇರಿಸುವ ಮೊದಲೇ ತೆರೆದ ಸುತ್ತೋಲೆ ಬೇರೆ ಫಾಂಟಿಗೆ ಜಾರಿ, ಒಂದು ಪುಟದ್ದು ಎರಡಾಗಿ, ಎರಡನೆಯದರಲ್ಲಿ ಸಾಹೇಬರ ಹುದ್ದೆ ಮಾತ್ರ ಉಳಿಯಿತು. ಸಾಹೇಬರು ಕೇಳಿದ್ದು ಒಂದೇ ಮಾತು: "ವೈರಸ್ಸೇನ್ರೀ?"

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದೇ ಒಂದು ಕೆಟ್ಟ ಅಪ್‌ಡೇಟಿಗೆ ಜಗತ್ತಿನ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪರಿಹಾರ ಸುಲಭವೇ: ಸೇಫ್ ಮೋಡ್‌ಗೆ ಹೋಗಿ ಒಂದು ಕಡತ ಅಳಿಸಿದರಾಯಿತು. ಆದರೆ ಲಕ್ಷಾಂತರ ಯಂತ್ರಗಳ ಮುಂದೆ ಮನುಷ್ಯನೇ ಹೋಗಿ ಕೂರಬೇಕಿತ್ತು. ಬಿಟ್‌ಲಾಕರ್ ಬೀಗವಿದ್ದಲ್ಲಿ ಮೊದಲು 48 ಅಂಕಿಗಳನ್ನು ತಪ್ಪಿಲ್ಲದೆ ಒತ್ತಬೇಕಿತ್ತು. ಆ ವರ್ಷದ ಕೃತಜ್ಞತಾ ದಿನ ಬಂದದ್ದು ಸರಿಯಾಗಿ ಒಂದು ವಾರಕ್ಕೆ. ಏನೂ ಕೆಡದ ತಿಂಗಳಲ್ಲಿ "ಈ ಐಟಿಯವರು ಮಾಡೋದೇನು?" ಎನ್ನುವವರೂ ನಾವೇ. ಅದಕ್ಕೇ ಈ ಮೈಸೂರು ಪೇಟ. ಬಾಡಿಗೆಯದ್ದು, ಫೋಟೊ ಆದಮೇಲೆ ದಯವಿಟ್ಟು ಹಿಂದಿರುಗಿಸಿ.

ಕಡೆಯದಾಗಿ ಸಭೆಯಲ್ಲಿ ಒಂದು ಅರಿಕೆ. ಸಂಜೆ ಹೊರಡುವ ಮುನ್ನ ಫೈಲ್ ಸೇವ್ ಮಾಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಬರೀ ಶಟ್‌ಡೌನ್ ಸಾಲದು. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರಗಳಲ್ಲಿ ಕರ್ನಲ್ ಮಲಗಿದ್ದು, ಬೆಳಿಗ್ಗೆ ಅದೇ ಎದ್ದು ಬರುತ್ತದೆ. ಅಕೌಂಟ್ಸ್‌ನ ಹಿರಿಯರು ಇವತ್ತಾದರೂ ಆ ಹಾಳೆಗೊಂದು ನಾಮಕರಣ ಮಾಡಬೇಕಾಗಿ ವಿನಂತಿ.