ಪಿಕಪ್ಪಿಗೆ ಹೊಸ ತಲೆ

ಟೊಮೇಟೊ ಹೇರಿಕೊಂಡು ಕೋಲಾರದ ಎಪಿಎಂಸಿಗೆ ಹೊರಟ ನಮ್ಮ ಭಾವಮೈದುನನ ಪಿಕಪ್ಪು ನಡುದಾರಿಯಲ್ಲೇ ಮುಷ್ಕರ ಹೂಡಿತು. ಡೀಸೆಲ್ ಇದೆ, ಬ್ಯಾಟರಿ ಗಟ್ಟಿ, ಆದರೂ ಉಸಿರಿಲ್ಲ. ಹಳೇ ಮೇಸ್ತ್ರಿಯಾಗಿದ್ದರೆ ಪಂಪಿಗೆ ಎರಡೇಟು ಹಾಕಿ ನೋಡುತ್ತಿದ್ದ. ಈಗಿನ ಹುಡುಗ ಸ್ಕ್ಯಾನರ್ ಚುಚ್ಚಿದ, ಫ್ಯೂಸು, ಅರ್ತ್ ವೈರು ಎಲ್ಲ ತಡಕಿದ, ಆಮೇಲೆ ತಣ್ಣಗೆ "ಇಸಿಎಂ ಹೋಗಿದೆ ಅಣ್ಣಾ" ಅಂದ. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಗಾಡಿಯ ತಲೆ. ಅದರ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ವಾರವಾರ ಪ್ರೆಷರಿನಲ್ಲಿ ಗಾಡಿ ತೊಳೆಸಿದ ಪುಣ್ಯ!

ಭಾವಮೈದುನ ಜಾಣ, ಗುಜರಿಯಿಂದ ಅಗ್ಗದ ಪೆಟ್ಟಿಗೆ ತಂದ. ಅದು ಇವನ ಕೀಲಿಯನ್ನು ಗುರುತೇ ಹಿಡಿಯಲಿಲ್ಲ. ಕಳ್ಳಕೀಲಿ ತಡೆಯುವ ಇಮೊಬಿಲೈಸರಿಗೆ ಅದು ಹೊಂದಬೇಕು, ಒಂದೊಂದು ಇಂಜೆಕ್ಟರಿನ ಕೋಡನ್ನೂ ಅದಕ್ಕೆ ತಿಳಿಸಬೇಕು. ಹೆಣ್ಣಿನ ಕಡೆಯವರು ಜಾತಕ ಕೇಳಿದ ಹಾಗೆ. ಕೊನೆಗೆ ಹೊಸದನ್ನೇ ಹಾಕಿಸಿ ಪ್ರೋಗ್ರಾಂ ಮಾಡಿಸಿದ್ದಾಯಿತು. ಎಂಜಿನ್ ಅರ್ಧ ಸೆಲ್ಫಿಗೇ ಎದ್ದಿತು. ಬಿಲ್ಲು ನೋಡಿದ ಮೇಲೆ ಸ್ಟಾರ್ಟಿಂಗ್ ಟ್ರಬಲ್ಲು ಭಾವಮೈದುನನಿಗೆ.