ಯೆಜ್ಡಿಯ ಹೊಟ್ಟೆ

ಮೇಷ್ಟ್ರು: ಲೀಟರಿಗೆ 18 ಕಿಲೋಮೀಟರ್ ಕಣಯ್ಯಾ! ‘ಬೈಕ್ ಸಾಕ್ತಿದ್ದೀರೋ, ಆನೆ ಸಾಕ್ತಿದ್ದೀರೋ’ ಅಂತಾಳೆ ಮನೆಯವಳು.

ಮೆಕ್ಯಾನಿಕ್: ಮೈಸೂರಲ್ವಾ ಸಾರ್, ಎರಡಕ್ಕೂ ಮರ್ಯಾದೆ ಇದೆ. 1996ರಲ್ಲಿ ಇಲ್ಲಿನ ಯೆಜ್ಡಿ ಫ್ಯಾಕ್ಟರಿ ಬಾಗಿಲು ಮುಚ್ತು, ಇದರ ಬಾಯಿ ಮಾತ್ರ ಮುಚ್ಚಿಲ್ಲ. ಏರ್ ಫಿಲ್ಟರ್ ಯಾವಾಗ ಕ್ಲೀನ್ ಮಾಡಿಸಿದ್ರಿ?

ಮೇಷ್ಟ್ರು: ಅಂಥದ್ದೊಂದು ಇದೆಯಾ? ನಾನು ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿದ್ದೀನಿ ನೋಡು. 600 ರೂಪಾಯಿ! ಮೈಲೇಜ್ ಜಾಸ್ತಿ ಆಗುತ್ತಂತೆ.

ಮೆಕ್ಯಾನಿಕ್: ಆಗಿರುತ್ತೆ ಸಾರ್, ಮಾರಿದವನ ಬೈಕಿಗೆ.

(ಹಿಂದಿನ ಚಕ್ರ ತಿರುಗಿಸುತ್ತಾನೆ. ಅರ್ಧ ಸುತ್ತಿಗೇ ಸರ್ಕಾರಿ ಫೈಲಿನಂತೆ ನಿಲ್ಲುತ್ತದೆ.)

ಬ್ರೇಕ್ ಹಿಡಿದೇ ಇದೆ. ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ?

ಮೇಷ್ಟ್ರು: ಮುಂಜಾಗ್ರತೆ!

ಮೆಕ್ಯಾನಿಕ್: ಟಯರಿಗೆ ಗಾಳಿ?

ಮೇಷ್ಟ್ರು: ಹಾಕಿಸಿದ್ದೀನಲ್ಲ, ಆಯುಧಪೂಜೆಗೆ. ನಿಂಬೆಹಣ್ಣಿನ ಮೇಲೆ ಹತ್ತಿಸೋ ಮುಂಚೆ.

ಮೆಕ್ಯಾನಿಕ್: ಟೂ-ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸ್ತೀರಿ?

ಮೇಷ್ಟ್ರು: ಧಾರಾಳವಾಗಿ. ನಮ್ಮನೆ ಒಗ್ಗರಣೆ ಥರ.

ಮೆಕ್ಯಾನಿಕ್: ಅದಕ್ಕೇ ಪ್ಲಗ್ ತುಂಬಾ ಕಾಡಿಗೆ! ಸೈಲೆನ್ಸರ್ ಕರಿ ಕೆರೆದು, ಬ್ರೇಕ್ ಸಡಿಲ ಮಾಡಿ, ಕಾರ್ಬುರೇಟರ್ ಟ್ಯೂನ್ ಮಾಡಿದ್ರೆ 25 ದಾಟುತ್ತೆ.

ಮೇಷ್ಟ್ರು: ಎಷ್ಟಾಗುತ್ತೆ?

ಮೆಕ್ಯಾನಿಕ್: 900.

ಮೇಷ್ಟ್ರು: ಅಬ್ಬಬ್ಬಾ! ಆ ದುಡ್ಡಿಗೆ ಇನ್ನೊಂದು ಆಯಸ್ಕಾಂತ ತಗೊಂಡ್ರೂ 300 ಉಳಿಯುತ್ತಲ್ಲಯ್ಯಾ!