ಮೇಲ್ಮಹಡಿಯ ಮೈಸೂರಿಗ

ಗೋಕುಲಂ ಮೂರನೇ ಹಂತದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬೀದಿಗಿಳಿಯುವವರು ಇಬ್ಬರೇ: ಹಾಲಿನವನು, ಮತ್ತು ಯೋಗದ ಚಾಪೆ ಹೆಗಲಿಗೆ ನೇತುಹಾಕಿಕೊಂಡ ನಮ್ಮ ಕಥಾನಾಯಕ. ಊರು ಹೆಲ್ಸಿಂಕಿಯೋ ಸಾವೊ ಪಾಲೊವೋ ಒಸಾಕವೋ, ಯಾವುದಾದರೂ ಇರಲಿ. ಬಂದದ್ದು ಒಂದು ತಿಂಗಳ ಯೋಗಕ್ಕೆ. ಈಗ ಅವನ ಬಾಲ್ಕನಿಯಲ್ಲಿ ತುಳಸಿಗಿಡ, ಅಡುಗೆಮನೆಯಲ್ಲಿ ಒಗ್ಗರಣೆ ಸೌಟು, ಗೇಟಿನ ಮುಂದೆ ಕನ್ನಡಿ ಮುರಿದ ಸ್ಕೂಟರು. ವೀಸಾ ಮುಗಿದಾಗ ತವರಿಗೆ ಅಟ್ಟಿದ ಸೊಸೆಯ ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಾನೆ, ಹೊಸ ಮುದ್ರೆ ಹೊಡೆಸಿಕೊಂಡು ಬರುತ್ತಾನೆ.

ಇದಕ್ಕೆಲ್ಲ ಮೂಲ ಅರಮನೆಯೇ. ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರದ ಮನೆಯಲ್ಲಿ ತಮ್ಮದೇ ಸಂಸ್ಥೆ ಶುರುಮಾಡಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸೆಬೆತ್ ಬಂದು ಕಲಿತುಹೋಗಿ, ಪುಸ್ತಕದಲ್ಲಿ ಗುರುಗಳ ಪ್ರಸ್ತಾಪ ಮಾಡಿದ್ದೇ ನೆಪ, ಒಬ್ಬರ ಹಿಂದೊಬ್ಬರು ಹೊರಟುಬಂದರು. 2002ರಲ್ಲಿ ಶಾಲೆ ಗೋಕುಲಂಗೆ ಬಂತು. ಶಾಲೆಯ ಹಿಂದೆ ಕೆಫೆ, ಕೆಫೆಯ ಹಿಂದೆ ಬಾದಾಮಿ ಹಾಲು. ನಮ್ಮ ಬೇಕರಿಯ ಕೇಸರಿಬಣ್ಣದ ಸಿಹಿ ಬಾದಾಮಿ ಹಾಲಲ್ಲ. ಬಣ್ಣ, ಸಿಹಿ, ಹಾಲು ಮೂರೂ ಇಲ್ಲದ್ದು.

ಮೊದಲ ವಾರ ಅವನು ಎಲ್ಲವನ್ನೂ ಹೊಗಳುತ್ತಾನೆ: ಹಸುವನ್ನು, ಹಾರ್ನನ್ನು, ಕರೆಂಟು ಹೋದದ್ದನ್ನು. ಎರಡನೇ ವಾರ ಹೊಟ್ಟೆ ಕೆಡುತ್ತದೆ, ಹೊಗಳಿಕೆ ನಿಲ್ಲುತ್ತದೆ. ಚೇತರಿಸಿಕೊಂಡವನು ಎಳನೀರಿನ ಗಾಡಿಯ ಮುಂದೆ ನಿಂತು, "ಗಂಜಿ ಬೇಡ, ನೀರು ಜಾಸ್ತಿ" ಎಂದ ದಿನ, ಇವನು ಇನ್ನು ಹೋಗುವುದಿಲ್ಲ ಎಂದು ಓಣಿಯವರಿಗೆಲ್ಲ ಖಾತ್ರಿಯಾಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗೆ ಶಾಲೆಯ ಅಭ್ಯಾಸಕ್ಕೆ ರಜೆ. ಹಾಗಾಗಿ ತಿಥಿ ಅವನ ನಾಲಿಗೆಯ ತುದಿಯಲ್ಲಿ. ಕೆಳಗಿನ ಮನೆಯ ಓನರ್ ಆಂಟಿ ಪಂಚಾಂಗ ತೆಗೆಯುವುದನ್ನೇ ಬಿಟ್ಟಿದ್ದಾರೆ, ಮೆಟ್ಟಿಲ ಬಳಿ ನಿಂತು, "ಏನಪ್ಪಾ, ಹುಣ್ಣಿಮೆ ಇವತ್ತೋ ನಾಳೆಯೋ?" ಎಂದು ಕೂಗುತ್ತಾರೆ. ಶಾಲೆಯ ಗಡಿಯಾರ ಕಾಲು ಗಂಟೆ ಮುಂದಿರುತ್ತದಂತೆ. ಮೈಸೂರಿನಲ್ಲಿ ಯಾವುದಾದರೂ ಹೊತ್ತಿಗೆ ಮುಂಚೆ ನಡೆಯುವುದಿದ್ದರೆ ಅದೊಂದೇ ಇರಬೇಕು.

ಬೆಳಗಿನ ಆ ಶಿಕ್ಷೆ ಮುಗಿಸಿದ ಮೇಲೆ ಅವನಿಗೆ ಕೆಲಸವೆಂಬುದಿಲ್ಲ. ನಮ್ಮದು ಪಿಂಚಣಿದಾರರ ಊರೆಂದು ಹೆಸರು. ಸರ್ಕಾರಿ ನೌಕರ ಅರುವತ್ತರವರೆಗೆ ಫೈಲು ಹೊತ್ತು ಸಂಪಾದಿಸುವ ಆ ಮಧ್ಯಾಹ್ನದ ನಿದ್ದೆಯನ್ನು ಇವನು ಮೂವತ್ತೆರಡಕ್ಕೇ ಹೊಡೆಯುತ್ತಾನೆ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಜವಾದ ಪಿಂಚಣಿದಾರರ ಗುಂಪು ಸೇರುತ್ತಾನೆ. ಅಲ್ಲಿ ಮಾತು ಯಾವತ್ತೂ ಒಂದೇ: ಮೊದಲಿನ ಮೈಸೂರು ಈಗೆಲ್ಲಿದೆ. ನಮ್ಮವರು ಅದನ್ನು ನಿಟ್ಟುಸಿರಿನಲ್ಲಿ ಹೇಳಿದರೆ ಇವನು ಕೋಪದಲ್ಲಿ ಹೇಳುತ್ತಾನೆ. 2023ರ ಎಕ್ಸ್‌ಪ್ರೆಸ್‌ವೇ ಬಂದು ಬೆಂಗಳೂರಿನವರು ವಾರಾಂತ್ಯಕ್ಕೆ ನುಗ್ಗುತ್ತಾರೆ, ಮೈಲಾರಿ ದೋಸೆಗೆ ಕ್ಯೂ ಬೆಳೆದಿದೆ, ಎಲ್ಲಿಂದಲೋ ಬಂದವರು ಕೇಳಿದಷ್ಟು ಕೊಟ್ಟು ಗೋಕುಲಂ ಬಾಡಿಗೆ ಕೆಡಿಸಿದ್ದಾರೆ! ನಿವೃತ್ತ ಹೆಡ್‌ಮಾಸ್ತರರು ಕೆಮ್ಮುತ್ತಾ ಕೆರೆಯ ಕಡೆ ತಿರುಗುತ್ತಾರೆ.

ಮೊನ್ನೆ ಬಾಡಿಗೆ ಏರಿಸುವ ಮಾತು ಬಂತು.

"ಆಂಟಿ, ನಾನು ಹಳೇ ಮನುಷ್ಯ. ಸ್ವಲ್ಪ ಅಡ್ಜಸ್ಟ್ ಮಾಡಿ."

"ಹಳಬ ಅಂತಲೇ ಮುಂಚೆ ಹೇಳ್ತಿದೀನಿ ಕಣಪ್ಪ. ಹೊಸಬರಾಗಿದ್ರೆ ಹೇಳ್ತಾನೂ ಇರ್ಲಿಲ್ಲ. ಅಮೆರಿಕದಲ್ಲಿ ನನ್ನ ಮಗ ಮೈಸೂರು ಸ್ಟೈಲ್ ಯೋಗ ಅಂತ ತಿಂಗಳು ತಿಂಗಳು ಡಾಲರ್ ಸುರೀತಾನೆ. ಅದರ ಮುಂದೆ ಇದೆಷ್ಟರದು?"

ಬಾಡಿಗೆಯ ಮಾತು ಅಲ್ಲಿಗೇ ನಿಂತಿತು. ಅವನ ಹುಬ್ಬು ಮೇಲೇರಿತು. ಕಲಿಸುವವರು ಯಾರೆಂದು ಕೇಳಿದ. ಆಂಟಿ ಮಗನಿಗೆ ಫೋನ್ ಮಾಡಿ, ಹೆಸರು ತಿಳಿದುಕೊಂಡು ಹೇಳಿದರು.

"ಅಯ್ಯೋ, ಅವನಾ?" ಎಂದು ತಲೆ ಚಚ್ಚಿಕೊಂಡ. "ಆಂಟಿ, ಅವನು ಇಲ್ಲಿದ್ದಾಗ ಶನಿವಾರ ಎಣ್ಣೆ ಸ್ನಾನಾನೇ ಮಾಡ್ತಿರ್ಲಿಲ್ಲ!"